ಹೇಳದೆ ಬಂದ ಕ್ರಿಸ್ಮಸ್

ನಮ್ಮ ಮನೆಯಲ್ಲಿ ಕ್ರಿಸ್ಮಸ್ ಬರುವುದು ಜನವರಿಯಲ್ಲಿ. ಇದು ನಮ್ಮ ತಾಯಿಯವರ ಮಾತು. 2007ರಲ್ಲಿ ನಮಗೆ ಗುರುದೀಕ್ಷೆಯಾದಂದಿನಿಂದ ಡಿಸೆಂಬರ್ 25ರಂದು ನಾವು ಮನೆಯಲ್ಲಿ ಇದ್ದದ್ದೇ ಇಲ್ಲ. ಎಲ್ಲರಿಗೂ ರಜೆಯ ದಿನವಾದದ್ದು ಗುರುಗಳಿಗೆ ದುಡಿಮೆಯ ದಿನ. ನಡುರಾತ್ರಿಯ ಬಲಿಪೂಜೆ, ಬೆಳಗಿನ ಬಲಿಪೂಜೆ, ಉಪಕೇಂದ್ರಗಳ ಪೂಜೆ, ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದ, ಮಕ್ಕಳ ನಾಟಕ, ಆಮೇಲೆ ಹೊಸ ವರ್ಷ, ಮೂರು ಜ್ಞಾನಿಗಳ ಹಬ್ಬ. ಇದೆಲ್ಲ ಮುಗಿದ ಮೇಲೆ ಹೆಗಲಿಗೊಂದು ಚೀಲ ಹಾಕಿಕೊಂಡು ಊರಿನ ಬಸ್ಸು ಹತ್ತುತ್ತಿದ್ದೆವು. ಅಷ್ಟರಲ್ಲಿ ಗೋದಲಿಗೆಂದು ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರು ಹಳದಿಯಾಗಿ ಮಲಗಿರುತ್ತಿತ್ತು. ನಕ್ಷತ್ರದ ಕಾಗದ ಮಂಜಿಗೆ ನೆನೆದು ಬಣ್ಣ ಬಿಟ್ಟಿರುತ್ತಿತ್ತು. ತಾಯಿ ಮಾತ್ರ ಅಟ್ಟದಿಂದ ಒಂದು ತಗಡಿನ ಡಬ್ಬ ಇಳಿಸಿ, ಮುಚ್ಚಳ ತೆಗೆದು, ಎರಡು ವಾರ ಹಳೆಯದಾದ ಕಜ್ಜಾಯವನ್ನು ಮುಂದಿಟ್ಟು, "ತಿನ್ನಿ ಸ್ವಾಮಿ, ನಮ್ಗೆ ಇವತ್ತೇ ಹಬ್ಬ" ಅನ್ನುತ್ತಿದ್ದರು.

"ತಿನ್ನಿ" ಎಂದರೆಂಬುದನ್ನು ಗಮನಿಸಿ. ಗುರುದೀಕ್ಷೆಯ ದಿನದಿಂದ ತಾಯಿ ನಮ್ಮನ್ನು ಬಹುವಚನದಲ್ಲಿಯೇ ಮಾತಾಡಿಸುತ್ತಾರೆ. ಎಷ್ಟು ಬೇಡವೆಂದರೂ ಕೇಳರು. ಈ ಮಾತು ಮುಂದೆ ಬರುತ್ತದೆ.

2016ರಲ್ಲಿ ಧರ್ಮಾಧ್ಯಕ್ಷರು ನಮ್ಮನ್ನು ಹೆಚ್ಚಿನ ವ್ಯಾಸಂಗಕ್ಕೆಂದು ರೋಮ್ ನಗರಕ್ಕೆ ಕಳುಹಿಸಿದರು. 1627ರಲ್ಲಿ ಎಂಟನೇ ಉರ್ಬನ್ ಜಗದ್ಗುರುಗಳು ಸ್ಥಾಪಿಸಿದ ಉರ್ಬಾನಿಯಾನಾ ವಿದ್ಯಾಪೀಠದಲ್ಲಿ ನಮ್ಮ ಓದು. ಅದು ಜನಿಕುಲಂ ಎಂಬ ಗುಡ್ಡದ ಮೇಲಿದೆ. ಅಲ್ಲಿಂದ ನೋಡಿದರೆ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟ ಎದುರಿಗೇ. ಓದುವ ಗುರುಗಳಿಗೆ ಸ್ವಂತ ಧರ್ಮಕೇಂದ್ರವಿಲ್ಲ, ಉಪಕೇಂದ್ರವಿಲ್ಲ. ಡಿಸೆಂಬರ್ ಮೂರನೆಯ ವಾರಕ್ಕೆ ತರಗತಿ ನಿಂತರೆ ಮತ್ತೆ ಆರಂಭವಾಗುವುದು ಮೂರು ಜ್ಞಾನಿಗಳ ಹಬ್ಬದ ಮೇಲೆ. ಅಂದರೆ ನಮ್ಮ ಗುರು ಜೀವನದಲ್ಲೇ ಹಬ್ಬದ ಹೊತ್ತಿಗೆ ಕೈ ಖಾಲಿ ಇದ್ದದ್ದು ಆ ಮೂರು ವರ್ಷ ಮಾತ್ರ. ಮೊದಲ ಎರಡು ವರ್ಷ ಇದು ನಮಗೆ ಹೊಳೆಯಲೇ ಇಲ್ಲ. ಹೊಳೆಯುವಂತೆ ಮಾಡಿದ್ದು ನಾವಿದ್ದ ವಸತಿಗೃಹದ ಬಾಗಿಲು ಕಾಯುತ್ತಿದ್ದ ಮುದುಕ. 2018ರ ಅಕ್ಟೋಬರ್‌ನಲ್ಲಿ ಒಂದು ದಿನ ಆತ ಇಟಲಿಯವರ ಒಂದು ಗಾದೆ ಹೇಳಿದ: ಕ್ರಿಸ್ಮಸ್ ನಿನ್ನವರ ಜೊತೆ, ಪಾಸ್ಖ ನಿನಗೆ ಬೇಕಾದವರ ಜೊತೆ. ಹೇಳಿ, "ಫಾದರ್, ನಿಮ್ಮವರು ಎಲ್ಲಿದ್ದಾರೆ?" ಎಂದು ಕೇಳಿದ. ತಾಳವಾಡಿ ಎಲ್ಲಿದೆ ಎಂದು ರೋಮ್‌ನವನಿಗೆ ವಿವರಿಸುವುದು ಹೇಗೆ? ಇಂಡಿಯಾದಲ್ಲಿ ಎಂದೆವು.

ಆ ರಾತ್ರಿ ಲೆಕ್ಕ ಹಾಕಿದೆವು. ಬೇಸಿಗೆಯಲ್ಲಿ ಉತ್ತರ ಇಟಲಿಯ ಒಂದು ಧರ್ಮಕೇಂದ್ರದಲ್ಲಿ ಸಹಾಯ ಮಾಡಿದ್ದಕ್ಕೆ ಬಂದ ಹಣ ಉಳಿದಿತ್ತು. ಟಿಕೆಟ್ಟಿಗೆ ಸಾಕು. ಧರ್ಮಾಧ್ಯಕ್ಷರಿಗೆ ಬರೆದು ಅನುಮತಿ ಕೇಳಿದೆವು. ಸಿಕ್ಕಿತು. ಊರಿನ ಧರ್ಮಕೇಂದ್ರದ ಗುರುಗಳಿಗೂ ತಿಳಿಸಿದೆವು. ಮೂರನೆಯವರಿಗೆ ಹೇಳಲಿಲ್ಲ. ತಾಯಿಗೆ ಹೇಳದೆ ಹೋಗಿ ಹೊಸ್ತಿಲ ಮೇಲೆ ನಿಂತುಬಿಡಬೇಕೆಂಬ ಆಸೆ ಯಾವಾಗ ಹುಟ್ಟಿತೋ ತಿಳಿಯದು. ಹುಟ್ಟಿದ ಮೇಲೆ ಅದು ಬಿಡಲಿಲ್ಲ.

ಗುರುಗಳಾದವರು ಸುಳ್ಳು ಹೇಳುವಂತಿಲ್ಲವಷ್ಟೆ. ಭಾನುವಾರದ ಸಂಜೆಗಳಲ್ಲಿ ತಮ್ಮನ ಮಗಳು ಮೊಬೈಲಿನಲ್ಲಿ ಅಜ್ಜಿಯ ಮುಖ ತೋರಿಸುತ್ತಿದ್ದಳು. ತಾಯಿ, "ಈ ಸಲ ಹಬ್ಬದ ಪೂಜೆ ಎಲ್ಲಿ ಸ್ವಾಮಿ?" ಎಂದು ಕೇಳಿದರು. "ದೇವರು ಎಲ್ಲಿಗೆ ಕರೆದರೆ ಅಲ್ಲಿ" ಎಂದೆವು. "ಚಳಿ ಜಾಸ್ತಿಯಾ?" "ಜಾಸ್ತಿ." "ಬೆಚ್ಚಗಿರಿ." ಒಂದು ಮಾತೂ ಸುಳ್ಳಲ್ಲ, ಆದರೆ ಗುರುಮಠದಲ್ಲಿ ನೀತಿಶಾಸ್ತ್ರ ಕಲಿಸಿದ ನಮ್ಮ ಹಳೆಯ ಗುರುಗಳು ಕೇಳಿಸಿಕೊಂಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರು.

ರೋಮ್‌ನ ಹಬ್ಬದ ದಿನಗಳ ವಿಷಯ ನಾಲ್ಕು ಮಾತು ಹೇಳಬೇಕು. ಆ ವರ್ಷ ಸಂತ ಪೇತ್ರರ ಚೌಕದಲ್ಲಿ ಮರಳಿನ ಗೋದಲಿ ಕಟ್ಟಿದ್ದರು. ವೆನಿಸ್ ಹತ್ತಿರದ ಜೆಸೊಲೊ ಎಂಬ ಊರಿನವರ ಕೊಡುಗೆ ಅದು. ಸುಮಾರು 700 ಟನ್ ಮರಳು, ನಾಲ್ಕು ದೇಶಗಳ ನಾಲ್ವರು ಶಿಲ್ಪಿಗಳ ಕೆಲಸ. ಮಾತೆ ಮರಿಯಮ್ಮ, ಜೋಸೆಫರು, ದೇವದೂತ, ಎಲ್ಲ ಮರಳಿನಲ್ಲಿ. ಮಳೆ ಬಂದರೆ ಏನು ಗತಿ ಎಂದು ನಮಗೆ ದಿನವೂ ಚಿಂತೆ. ಮೇಲೆ ಚಾವಣಿ ಇತ್ತು ಅನ್ನಿ, ಆದರೂ ಮರಳು ಮರಳೇ ತಾನೆ.

ಇನ್ನೊಂದು ಪದ್ಧತಿ ಅಲ್ಲಿನ ಮಕ್ಕಳದು. ಆಗಮನ ಕಾಲದ ಮೂರನೆಯ ಭಾನುವಾರ ರೋಮ್‌ನ ಮಕ್ಕಳು ತಮ್ಮ ಮನೆಯ ಗೋದಲಿಯ ಬಾಲಯೇಸುವಿನ ಪುಟ್ಟ ಪ್ರತಿಮೆಯನ್ನು ಚೌಕಕ್ಕೆ ತರುತ್ತಾರೆ. ಮಧ್ಯಾಹ್ನದ ಪ್ರಾರ್ಥನೆಯಾದ ಮೇಲೆ ಜಗದ್ಗುರುಗಳು ಕಿಟಕಿಯಿಂದ ಅವನ್ನು ಆಶೀರ್ವದಿಸುತ್ತಾರೆ. ಆರನೇ ಪೌಲ್ ಜಗದ್ಗುರುಗಳ ಕಾಲದಲ್ಲಿ, 1969ರಲ್ಲಿ ಆರಂಭವಾದದ್ದು. 2018ರ ಡಿಸೆಂಬರ್ 16ರಂದು ನಾವೂ ಮಕ್ಕಳ ನಡುವೆ ನಿಂತಿದ್ದೆವು, ಜೇಬಿನಲ್ಲಿ ಹಿಂದಿನ ದಿನ ಕೊಂಡ ಬಾಲಯೇಸು. ಅಂಗೈ ಉದ್ದದ್ದು, ಗುಂಗುರು ಕೂದಲು, ನೀಲಿ ಕಣ್ಣು. ಫ್ರಾನ್ಸಿಸ್ ಜಗದ್ಗುರುಗಳು ಕೈ ಎತ್ತಿದಾಗ ಪಕ್ಕದಲ್ಲಿದ್ದ ಆರೇಳು ವರ್ಷದ ಹುಡುಗಿಯ ಹಾಗೆಯೇ ನಾವೂ ಪ್ರತಿಮೆಯನ್ನು ಮೇಲೆತ್ತಿ ಹಿಡಿದೆವು. ಅವಳು ನಮ್ಮನ್ನು ನೋಡಿ ನಕ್ಕಳು. ಗಡ್ಡ ನೆರೆಯುತ್ತಿರುವ ಗುರುವೊಬ್ಬ ಮಕ್ಕಳ ಸಾಲಿನಲ್ಲಿ ನಿಂತರೆ ನಗದೆ ಇನ್ನೇನು? ಆದರೆ ನಮ್ಮ ಕಣ್ಣ ಮುಂದೆ ಇದ್ದದ್ದು ನಮ್ಮ ಮನೆಯ ಗೋದಲಿ. ಜಗದ್ಗುರುಗಳ ಕೈ ಆಶೀರ್ವದಿಸಿದ ಬಾಲಯೇಸು ತಾಳವಾಡಿ ಸೀಮೆಯ ಒಂದು ಹೆಂಚಿನ ಮನೆಯಲ್ಲಿ ಮಲಗುವುದನ್ನು ಕಂಡು ತಾಯಿ ಎಷ್ಟು ಹಿಗ್ಗಬಹುದೆಂದು ನೆನೆದು ನೆನೆದು ಒಂದು ವಾರ ಕಳೆದೆವು.

ಡಿಸೆಂಬರ್ 23, ಭಾನುವಾರ. ತೆರ್ಮಿನಿ ನಿಲ್ದಾಣದಿಂದ ವಿಮಾನ ನಿಲ್ದಾಣದ ರೈಲು ಅರ್ಧ ಗಂಟೆಯದು, 14 ಯೂರೋ. ಅಲ್ಲಿಂದ ದುಬೈ. ದುಬೈಯಲ್ಲಿ ನಡುರಾತ್ರಿ ಕಳೆದ ಮೇಲೆ ಬೆಂಗಳೂರಿನ ವಿಮಾನಕ್ಕೆ ಕಾಯುವ ಜಾಗಕ್ಕೆ ಬಂದರೆ ಅರ್ಧ ನಮ್ಮೂರ ಸಂತೆಯೇ ಅಲ್ಲಿತ್ತು. ಹಗ್ಗ ಬಿಗಿದ ಪೆಟ್ಟಿಗೆಗಳು, ಕಂಬಳಿ ಕಟ್ಟುಗಳು, ಮಕ್ಕಳ ಆಟದ ಕಾರುಗಳು. ಪಕ್ಕದಲ್ಲಿ ಕುಳಿತಿದ್ದವರು ಕೊಳ್ಳೇಗಾಲದ ಕಡೆಯವರು, ಕಟ್ಟಡದ ಕೆಲಸ, ಮೂರು ವರ್ಷದ ಮೇಲೆ ಊರಿಗೆ ಹೊರಟವರು. ನಮ್ಮ ಗುಟ್ಟು ಕೇಳಿ ತಲೆ ಅಲ್ಲಾಡಿಸಿದರು. "ಬ್ಯಾಡಿ ಫಾದರ್. ನಾನೂ ಒಂದು ಸಲ ಹಂಗೇ ಹೋದೆ. ಮನೆಗೆ ಬೀಗ. ಎಲ್ಲಾರೂ ಮದುವೆಗೆ ಹೋಗವ್ರೆ. ಎರಡು ದಿನ ಜಗಲಿ ಮೇಲೆ ಪೆಟ್ಟಿಗೆ ಕಾಯ್ಕೊಂಡು ಕುಂತಿದ್ದೆ." ನಾವು ನಕ್ಕೆವು. ಹಬ್ಬದ ಹಿಂದಿನ ದಿನ ನಮ್ಮ ತಾಯಿ ಮನೆ ಬಿಟ್ಟು ಎಲ್ಲಿ ಹೋಗುತ್ತಾರೆ?

24ರ ಬೆಳಿಗ್ಗೆ ಬೆಂಗಳೂರು. ವಿಮಾನ ನಿಲ್ದಾಣದಿಂದಲೇ ಮೈಸೂರಿಗೆ ಹೊರಡುವ ಫ್ಲೈಬಸ್ ಹಿಡಿದೆವು. ಅರ್ಧ ದಾರಿ ನಿದ್ದೆ. ಮೈಸೂರಿನಲ್ಲಿ ಸಂತ ಫಿಲೋಮಿನಾ ದೇವಾಲಯದ ಅವಳಿ ಗೋಪುರಗಳನ್ನು ದೂರದಿಂದಲೇ ಕಂಡು ಕೈ ಮುಗಿದೆವು. ನಂಜನಗೂಡು ಕಳೆಯಿತು. ಚಾಮರಾಜನಗರದಲ್ಲಿ ಇಳಿದು ತಾಳವಾಡಿಯ ಬಸ್ಸು ಹುಡುಕಿದೆವು.

ಇಲ್ಲಿ ನಮ್ಮ ಸೀಮೆಯನ್ನು ಅರಿಯದ ಓದುಗರಿಗಾಗಿ ಒಂದು ಮಾತು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ನೆರೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು, ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. ಧರ್ಮಪ್ರಾಂತ್ಯದ ಗಡಿ ಅದಕ್ಕೂ ಒಂದು ವರ್ಷ ಮೊದಲೇ ಬದಲಾಗಿ, 1955ರಲ್ಲಿ ಮೈಸೂರಿನಿಂದ ಬೇರೆಯಾದ ಉದಕಮಂಡಲ ಧರ್ಮಪ್ರಾಂತ್ಯ ಹುಟ್ಟಿತ್ತು. ನಮಗೆ ಜಿಲ್ಲಾ ಕಚೇರಿ ಬೆಟ್ಟದಾಚೆಯ ಈರೋಡು, ಸಂತೆ ಮತ್ತು ನೆಂಟಸ್ತಿಕೆ ಚಾಮರಾಜನಗರ. ಹಾಗಾಗಿ ತಮಿಳುನಾಡು ಸರ್ಕಾರದ ಆ ಬಸ್ಸಿನಲ್ಲಿ ಟಿಕೆಟ್ಟು ತಮಿಳಿನಲ್ಲಿ, ಜಗಳ ಕನ್ನಡದಲ್ಲಿ. ಎರಡು ವರ್ಷ ಇಟಾಲಿಯನ್ ಕೇಳಿ ಕೇಳಿ ಬತ್ತಿದ್ದ ಕಿವಿಗೆ ಆ ಜಗಳ ಎಷ್ಟು ಹಿತವಾಯಿತೆಂದು ಬರೆದರೆ ನಂಬುತ್ತೀರೋ ಇಲ್ಲವೋ. ಒಬ್ಬ ಅಜ್ಜಿಗೆ ಚಿಲ್ಲರೆ ಎರಡು ರೂಪಾಯಿ ಬರಬೇಕಿತ್ತು.

ಗುರುತು ಸಿಗಬಾರದೆಂದು ನಾವು ಮಫ್ಲರ್ ಸುತ್ತಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದೆವು. ಬಿಳಿ ಕಾಲರ್ ಇಲ್ಲ, ಇಟಲಿಯಲ್ಲಿ ಕೊಂಡ ಕಪ್ಪು ಜಾಕೆಟ್ಟು. ಈ ವೇಷ ಮುಂದೆ ತಂದ ಅನಾಹುತವನ್ನು ಆಗ ನಾವು ಊಹಿಸಲಿಲ್ಲ.

ಹೊರಗೆ ಸಂಜೆಯ ಬಿಸಿಲು. ಚೆಂಡುಹೂವಿನ ಹೊಲ, ಕೋಸಿನ ಹೊಲ, ಕೊಯ್ದು ಮೆದೆ ಹಾಕಿದ ರಾಗಿ. ಗುರುಮಠದ ದಿನಗಳಲ್ಲಿ ನಾವು ರಜೆಗೆ ಬರುತ್ತಿದ್ದದ್ದು ಇನ್ನೊಂದು ಕಡೆಯಿಂದ, ಸತ್ಯಮಂಗಲದಿಂದ. ಬಣ್ಣಾರಿಯ ಕೆಳಗಿನಿಂದ ದಿಂಬಂವರೆಗೆ 27 ತಿರುವುಗಳ ಘಾಟಿ, ಆಮೇಲೆ ಹಾಸನೂರಿನ ಕಾಡು. ವೀರಪ್ಪನ್ ಆ ಕಾಡಿನಲ್ಲಿದ್ದ ಕಾಲ ಅದು. 2000ನೇ ಇಸವಿಯ ಜುಲೈ 30ರ ರಾತ್ರಿ ನಮ್ಮ ಸೀಮೆಯ ಗಾಜನೂರಿನ ತೋಟದ ಮನೆಯಿಂದ ಡಾ. ರಾಜ್‌ಕುಮಾರ್ ಅವರನ್ನು ಆತ ಕರೆದೊಯ್ದಾಗ, ಅವರು ಬಿಡುಗಡೆಯಾಗುವವರೆಗಿನ 108 ದಿನ ತಾಳವಾಡಿಯಲ್ಲಿ ನೆಮ್ಮದಿಯ ನಿದ್ದೆ ಮಾಡಿದವರಿಲ್ಲ. ಅದೇ ವರ್ಷದ ದಸರಾ ರಜೆಗೆ ನಾವು ಯಾರಿಗೂ ತಿಳಿಸದೆ ಕತ್ತಲಾದ ಮೇಲೆ ಮನೆ ಸೇರಿದ್ದೆವು. ತಾಯಿ ನಮ್ಮ ಕೆನ್ನೆಗೆ ಒಂದು ಬಿಟ್ಟಿದ್ದರು. ಆಮೇಲೆ ಅತ್ತಿದ್ದರು. "ಇನ್ನು ಮ್ಯಾಲೆ ಹೇಳ್ದೆ ಬರಬ್ಯಾಡ" ಎಂದು ಗೋದಿಯ ಬಣ್ಣದ ಜಪಮಾಲೆ ಮುಟ್ಟಿಸಿ ಮಾತು ತೆಗೆದುಕೊಂಡಿದ್ದರು. ಹದಿನೆಂಟು ವರ್ಷದ ಹಿಂದಿನ ಆ ಮಾತು ನೆನಪಾದದ್ದು ಬಸ್ಸು ತಾಳವಾಡಿಗೆ ಹತ್ತಿರವಾದಾಗ. ಆಗ ತಡವಾಗಿತ್ತು.

ತಾಳವಾಡಿಯಿಂದ ನಮ್ಮ ಊರಿಗೆ ಒಂದು ಆಟೋ. ಮನೆ ಮುಂದೆ ಇಳಿದಾಗ ಆರು ಗಂಟೆ. ಬಿದಿರಿನ ನಕ್ಷತ್ರದೊಳಗೆ ಬಲ್ಬು ಉರಿಯುತ್ತಿತ್ತು. ತಾಯಿ ಹಿತ್ತಿಲ ಒಲೆಯ ಮುಂದೆ ಕಜ್ಜಾಯ ಬೇಯಿಸುತ್ತಿದ್ದರು. ನಾವು ಸೂಟ್‌ಕೇಸನ್ನು ಸದ್ದಿಲ್ಲದೆ ಎತ್ತಿಕೊಂಡು ಮನೆಯ ಪಕ್ಕದ ಸಂದಿಯಿಂದ ಹೋಗಿ ಹಿಂದೆ ನಿಂತು, "ಅಮ್ಮ, ನಂಗೊಂದು ಕೊಡಿ" ಎಂದೆವು.

ತಾಯಿ ತಿರುಗಿದರು. ನಮ್ಮ ಮುಖ ನೋಡಿದರು. ಸೂಟ್‌ಕೇಸು ನೋಡಿದರು. ಜಾಕೆಟ್ಟು ನೋಡಿದರು, ಕಾಲರ್ ಇಲ್ಲದ ಕುತ್ತಿಗೆ ನೋಡಿದರು. ನಗಲಿಲ್ಲ. ಜಾಲರಿ ಸೌಟು ಎಣ್ಣೆಯಲ್ಲಿಯೇ ಉಳಿಯಿತು. ಕಜ್ಜಾಯ ಕಪ್ಪಾಗುತ್ತಿತ್ತು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಗೋಡೆಗೆ ಒರಗಿ ಕುಳಿತುಬಿಟ್ಟರು.

"ಏನಾಯ್ತು?" ಎಂದರು.

"ಏನೂ ಆಗಿಲ್ಲಮ್ಮ, ಹಬ್ಬಕ್ಕೆ ಬಂದೆವು."

ಉತ್ತರವಿಲ್ಲ. ತಮ್ಮನ ಹೆಂಡತಿ ಒಳಗಿನಿಂದ ಓಡಿ ಬಂದಳು, ಮಕ್ಕಳು ಕೂಗಿಕೊಂಡು ಬಂದು ತೆಕ್ಕೆ ಬಿದ್ದವು. ತಮ್ಮ ಬಂದ, ಸೂಟ್‌ಕೇಸು ಎತ್ತಿಕೊಂಡ. ಎತ್ತುತ್ತಾ ಮೆಲ್ಲನೆ, "ಅಣ್ಣ, ಏನಾದ್ರೂ ತೊಂದ್ರೆನಾ?" ಎಂದು ಕೇಳಿದ. ನೆರೆಯವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಎಲ್ಲರೂ ಕ್ಷೇಮ ಕೇಳಿದರು, ಎಲ್ಲರ ಕಣ್ಣೂ ಕುತ್ತಿಗೆಯ ಮೇಲೆ. ಯಾರೂ "ಯಾವಾಗ ವಾಪಸ್ಸು?" ಎಂದು ಕೇಳಲಿಲ್ಲ. ನಮ್ಮೂರಿನಲ್ಲಿ ಬಂದವರನ್ನು ಮೊದಲು ಕೇಳುವ ಪ್ರಶ್ನೆಯೇ ಅದು.

ಆಗ ನಮಗೆ ಅರ್ಥವಾಯಿತು. ನಮ್ಮ ಬೀದಿಯಿಂದ ನಮಗಿಂತ ಮುಂಚೆ ಗುರುಮಠಕ್ಕೆ ಹೋದವನೊಬ್ಬನಿದ್ದ. ಒಂದು ಸಂಜೆ ಹೀಗೆಯೇ ಯಾರಿಗೂ ಹೇಳದೆ, ಪೆಟ್ಟಿಗೆಯೊಂದಿಗೆ, ಬೇರೆ ಬಟ್ಟೆಯಲ್ಲಿ ಬಂದವನು ಮತ್ತೆ ಹೋಗಲಿಲ್ಲ. ಅದರಲ್ಲಿ ಅವಮಾನವೇನಿಲ್ಲ. ಅವನಿಂದು ಮೂರು ಮಕ್ಕಳ ತಂದೆ, ಧರ್ಮಕೇಂದ್ರದ ಗಾಯನ ಮಂಡಳಿ ನಡೆಯುತ್ತಿರುವುದೇ ಅವನಿಂದ. ಆದರೆ ಅವನ ತಾಯಿ ಒಂದು ವರ್ಷ ಬಾವಿಯ ಕಟ್ಟೆಗೆ ನೀರಿಗೆ ಬರಲಿಲ್ಲ. ನಮ್ಮ ತಾಯಿ ಎರಡು ಮನೆಯ ನೀರು ಸೇದಿದ್ದರು. ಹೇಳದೆ ಬರುವುದೆಂದರೆ ನಮ್ಮ ಊರಿನ ಭಾಷೆಯಲ್ಲಿ ಅದೊಂದೇ ಅರ್ಥ, ಅಥವಾ ಸಾವಿನ ಸುದ್ದಿ. ರೋಮ್‌ನಲ್ಲಿ ಎರಡು ತಿಂಗಳು ಗುಟ್ಟು ಕಾಯ್ದ ನಮಗೆ ಇದು ಹೊಳೆಯಬಾರದೇ?

ನೆರೆಯವರು ಹೋದ ಮೇಲೆ ತಾಯಿ ನಮ್ಮನ್ನು ಒಳಗೆ, ಅಕ್ಕಿ ಮೂಟೆಯ ಕೋಣೆಗೆ ಕರೆದರು. ಬಾಗಿಲು ಮರೆ ಮಾಡಿ, ಬಹಳ ಮೆಲ್ಲಗೆ ಕೇಳಿದರು.

"ನಿಜ ಹೇಳು ಮಗಾ. ಸ್ವಾಮಿತನ ಬಿಟ್ಟು ಬಂದ್ಯಾ?"

ಹನ್ನೊಂದು ವರ್ಷದಲ್ಲಿ ಮೊದಲ ಸಲ "ಹೇಳು" ಎಂದರು, "ಮಗಾ" ಎಂದರು. ನಾವು ಏನು ಹೇಳುವುದೆಂದು ತೋಚದೆ ನಿಂತೆವು. ನಗು ಬರುವ ಸಂದರ್ಭವಲ್ಲ, ಅಳುವುದಕ್ಕೆ ಕಾರಣವಿಲ್ಲ. ನಮ್ಮ ಸುಮ್ಮನಿರುವಿಕೆಯನ್ನು ಅವರು ಬೇರೆ ರೀತಿಯಲ್ಲಿಯೇ ಅರ್ಥ ಮಾಡಿಕೊಂಡರೆಂದು ಕಾಣುತ್ತದೆ. ಸ್ವಲ್ಪ ಹೊತ್ತು ನೆಲ ನೋಡಿದರು. ಆಮೇಲೆ ನಮ್ಮ ತೋಳು ಹಿಡಿದು, "ಬಿಟ್ಟು ಬಂದಿದ್ರೂ ಸರಿ. ಊಟ ಅದೆ. ಕೈ ತೊಳ್ಕೊ" ಎಂದರು.

ಪ್ರಿಯ ಓದುಗರೇ, ತಪ್ಪಿಹೋದ ಮಗನ ಸಾಮತಿಯ ಮೇಲೆ ನಾವು ಎಷ್ಟು ಪ್ರಬೋಧನೆ ಮಾಡಿದ್ದೇವೋ ಲೆಕ್ಕವಿಲ್ಲ. ರೋಮ್‌ನಲ್ಲಿ ಅದರ ಮೇಲೆ ಗ್ರೀಕ್ ಪದಗಳ ಸಮೇತ ಇಪ್ಪತ್ತು ಪುಟದ ಪ್ರಬಂಧವನ್ನೂ ಬರೆದಿದ್ದೇವೆ. ಆ ಅಕ್ಕಿ ಮೂಟೆಗಳ ನಡುವೆ ಅದರಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ಸೂಟ್‌ಕೇಸು ತೆರೆದು ನಿಲುವಂಗಿ ತೋರಿಸಿದೆವು, ಜನವರಿ 5ರ ಮರುಪ್ರಯಾಣದ ಟಿಕೆಟ್ಟು ತೋರಿಸಿದೆವು. ತಮ್ಮನ ಮಗಳು ಬಂದು ಆ ಇಂಗ್ಲಿಷ್ ಟಿಕೆಟ್ಟನ್ನು ಅಜ್ಜಿಗೆ ಓದಿ ಹೇಳಿದ ಮೇಲೆ ತಾಯಿ ನಂಬಿದರು. ನಂಬಿದ ಮೇಲೆ ಬೈಗುಳ ಶುರುವಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಅಷ್ಟಾದ ಮೇಲೆ ನಮ್ಮ ಎರಡನೆಯ ಆಶ್ಚರ್ಯ. ಬಾಲಯೇಸುವನ್ನು ಕಾಗದ ಬಿಡಿಸಿ ತೆಗೆದೆವು. ಜಗದ್ಗುರುಗಳು ಆಶೀರ್ವದಿಸಿದ್ದು ಎಂದೆವು. ತಾಯಿ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಾವು ಗೋದಲಿಯ ಹತ್ತಿರ ಹೋದೆವು. ಎತ್ತು, ಕತ್ತೆ, ಕುರಿ, ಸುತ್ತ ಹಸಿರು ರಾಗಿ ಪೈರು. ಈ ಸಲ ಪೈರು ಹಳದಿಯಾಗಿರಲಿಲ್ಲ, ಬೆರಳುದ್ದ ನೆಟ್ಟಗೆ ನಿಂತಿತ್ತು. ಇಟಲಿಯ ಬಾಲಯೇಸುವನ್ನು ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮಣ್ಣಿನ ಮರಿಯಮ್ಮನಿಗಿಂತ ಅದೇ ದೊಡ್ಡದು! ಮಕ್ಕಳು ನಕ್ಕವು. ನಡುರಾತ್ರಿ ಹುಲ್ಲಿನ ಮೇಲಿಡಲೆಂದು ತಾಯಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಬಾಲಯೇಸು ಬೇರೆಯೇ ಇತ್ತು. ನಮ್ಮ ತಂದೆ ಚಾಮರಾಜನಗರದ ಸಂತೆಯಿಂದ ತಂದದ್ದು, ಒಂದು ಕೈ ಮುರಿದದ್ದು, ಮುಖದ ಬಣ್ಣ ಮಾಸಿದ್ದು. ತಂದೆ ದೇವರ ಪಾದ ಸೇರಿ ಆಗ ಏಳು ವರ್ಷ.

ತಾಯಿ ಎರಡನ್ನೂ ನೋಡಿದರು. "ಪೋಪರದು ಬೀರುವಿನಲ್ಲಿರ್ಲಿ, ಜೋಪಾನವಾಗಿ. ಗೋದಲಿಗೆ ಅಪ್ಪನದೇ ಇರ್ಲಿ" ಎಂದರು. ರೋಮ್‌ನ ಬಾಲಯೇಸು ಇಂದಿಗೂ ನಮ್ಮ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಬೆಚ್ಚಗೆ ಮಲಗಿದೆ.

ಧರ್ಮಕೇಂದ್ರದ ಗುರುಗಳು ನಡುರಾತ್ರಿಯ ಬಲಿಪೂಜೆಯನ್ನು ನಮಗೇ ಬಿಟ್ಟುಕೊಟ್ಟರು. ವಾಚನಗಳು ಕನ್ನಡದಲ್ಲಿ, ಗೀತೆಗಳು ಅರ್ಧ ಕನ್ನಡ ಅರ್ಧ ತಮಿಳು. ದೇವಾಲಯದ ಒಳಗೂ ಬಾಯಿಂದ ಹೊಗೆ ಬರುವ ಚಳಿ. ಪೀಠದಿಂದ ನೋಡುವಾಗ ಕಣ್ಣಿಗೆ ಬಿದ್ದದ್ದು ಗಂಡಸರ ಕಡೆಯ ಖಾಲಿ ಜಾಗ. ತಮ್ಮನೂ ಇರಲಿಲ್ಲ. ಪೂಜೆ ಮುಗಿದ ಮೇಲೆ ಕೇಳಿದರೆ, ಆನೆ.

ನಮ್ಮದು ಕಾಡಂಚಿನ ಊರು. ಸತ್ಯಮಂಗಲದ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ರಾಗಿ ಕೊಯ್ದು ಮೆದೆ ಹಾಕುವ ಕಾಲಕ್ಕೆ, ಜೋಳ ಕಬ್ಬು ಬಲಿಯುವ ಕಾಲಕ್ಕೆ ಆನೆಗಳಿಗೆ ಹೇಗೋ ತಿಳಿಯುತ್ತದೆ. ಒಂದು ರಾತ್ರಿ ಕಾಯದಿದ್ದರೆ ವರ್ಷದ ಅನ್ನ ಹೋಯಿತು. ಹಬ್ಬದ ರಾತ್ರಿ ಎಂದು ಆನೆ ಬಿಡುವುದಿಲ್ಲವಲ್ಲ. ಹಾಗಾಗಿ ಪ್ರತಿ ವರ್ಷ ಸರದಿಯ ಮೇಲೆ ಕೆಲವು ಗಂಡಸರು ನಡುರಾತ್ರಿಯ ಪೂಜೆಗೆ ಬರದೆ ಅಟ್ಟಣೆಯಲ್ಲಿರುತ್ತಾರೆ, ಬೆಳಗಿನ ಪೂಜೆಗೆ ನಿದ್ದೆಗಣ್ಣಿನಲ್ಲಿ ಬರುತ್ತಾರೆ. ಆ ವರ್ಷ ತಮ್ಮನ ಸರದಿ. ಅಣ್ಣ ಬಂದಿದ್ದಾನೆಂದು ಬದಲಿ ಹುಡುಕಿದ್ದನಂತೆ. ಆ ಹೊತ್ತಿನಲ್ಲಿ ಯಾರು ಸಿಗುತ್ತಾರೆ? ಎರಡು ದಿನ ಮುಂಚೆ ತಿಳಿದಿದ್ದರೆ ಸರದಿ ಬದಲಾಯಿಸಿಕೊಳ್ಳುತ್ತಿದ್ದೆ ಎಂದು ಆಮೇಲೆ ಹೇಳಿದ, ದೂರುವ ದನಿಯಲ್ಲಲ್ಲ.

ನಾವು ನಾಲ್ಕು ಜನರ ಜೊತೆ ಟಾರ್ಚು ಹಿಡಿದು ಹೊಲಕ್ಕೆ ಹೋದೆವು. ಕೈಯಲ್ಲಿ ಕಜ್ಜಾಯ, ಫ್ಲಾಸ್ಕಿನಲ್ಲಿ ಕಾಫಿ. ಅಟ್ಟಣೆಯ ಕೆಳಗೆ ಬೆಂಕಿ, ಮೇಲೆ ಕಂಬಳಿ ಹೊದ್ದ ಮೂವರು, ಪಕ್ಕದಲ್ಲಿ ಬಡಿಯಲು ತಗಡು, ಒಂದು ಕಟ್ಟು ಪಟಾಕಿ. ತಮ್ಮ ಇಳಿದು ಬಂದ. ಅವನ ಕೈಯನ್ನು ಹಿಡಿದಾಗ ಮಂಜಿನಲ್ಲಿ ಕಬ್ಬಿಣದ ಹಾಗಿತ್ತು. ಗಂಟೆಯ ಶಬ್ದ ಇಲ್ಲಿಗೂ ಕೇಳಿತೆಂದ, ಆಗ ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡೆವೆಂದ. ಸ್ವಲ್ಪ ಹೊತ್ತಿನ ಹಿಂದೆ ನಾವೇ ಪೀಠದಲ್ಲಿ ನಿಂತು ರಾತ್ರಿಯಲ್ಲಿ ಮಂದೆ ಕಾಯುತ್ತಿದ್ದ ಕುರುಬರ ಶುಭಸಂದೇಶವನ್ನು ಓದಿ ಬಂದಿದ್ದೆವು. ಬೆಳಗಿನ ಮೂರು ಗಂಟೆಯವರೆಗೆ ಅಲ್ಲಿಯೇ ಕುಳಿತೆವು. ಆನೆ ಬರಲಿಲ್ಲ. ಬಂದದ್ದು ಒಂದು ಹಂದಿ.

ಹಬ್ಬದ ದಿನ ಊಟ, ನೆಂಟರು, ಎಲ್ಲರ ಮನೆಯ ಹಬ್ಬದಂತೆಯೇ. ಬರೆಯುವುದೇನೂ ಇಲ್ಲ. ಎರಡು ದಿನದ ಮೇಲೆ ಮಧ್ಯಾಹ್ನ ತಾಯಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾವೂ ಕೈ ಹಾಕಿದೆವು. ಸಂತೋಷವಾಯಿತೇ ಅಮ್ಮ ಎಂದು ಕೇಳಿದೆವು. ಕೇಳಬಾರದಿತ್ತೇನೋ.

"ಆಯ್ತು ಸ್ವಾಮಿ, ಆಗ್ದೆ ಇರ್ತದಾ?" ಎಂದರು. ಆ ಹೊತ್ತಿಗೆ ಮತ್ತೆ "ಸ್ವಾಮಿ" ಆಗಿದ್ದೆವು. ನಾಲ್ಕು ಕಾಯಿ ಸುಲಿದ ಮೇಲೆ ಮುಂದುವರಿಸಿದರು. "ಆದ್ರೆ ಮೊದ್ಲೇ ಹೇಳಿದ್ರೆ ಎರಡು ತಿಂಗಳು ಸಂತೋಷ ಪಡ್ತಿದ್ದೆ. ಸ್ವಾಮಿ ಬತ್ತವ್ರೆ ಅಂತ ಗೋಡೆಗೆ ಸುಣ್ಣ ಹೊಡಿಸ್ತಿದ್ದೆ. ನಿಮ್ಮ ಅತ್ತೆಗೆ ಹೇಳ್ತಿದ್ದೆ. ರಾತ್ರಿ ನಿದ್ದೆ ಬರ್ದೆ ಇದ್ರೂ ಇನ್ನು ಇಷ್ಟು ದಿನ ಅಂತ ಎಣಿಸ್ತಾ ಮಲಗ್ತಿದ್ದೆ. ಎಲ್ಲಾ ನೀವೇ ಇಟ್ಕೊಂಡ್ರಿ."

ನಾವು ಉತ್ತರ ಕೊಡಲಿಲ್ಲ. ಆ ಎರಡು ತಿಂಗಳು ನಾವೇ ಎಷ್ಟು ಎಣಿಸಿದ್ದೆವು! ತರಗತಿಯಲ್ಲಿ, ಟ್ರಾಮಿನಲ್ಲಿ, ಸಂತ ಪೇತ್ರರ ಚೌಕದಲ್ಲಿ, ತಾಯಿಯ ಮುಖ ಹೇಗೆ ಅರಳಬಹುದೆಂದು ನೂರು ಸಲ ನೋಡಿದ್ದೆವು. ಆಗಮನ ಕಾಲದ ನಾಲ್ಕು ವಾರವೂ ನಿರೀಕ್ಷೆಯ ಮೇಲೆ ಪ್ರಬೋಧನೆ ಮಾಡುವವರು ನಾವು. ಧರ್ಮಸಭೆ ಆ ವಾರಗಳನ್ನು ಇಟ್ಟದ್ದು ಸುಮ್ಮನೆ ಅಲ್ಲ ಎಂದು ಜನರಿಗೆ ಹೇಳುವವರು ನಾವು. ನಮ್ಮ ತಾಯಿಯ ಪಾಲಿನ ಆಗಮನ ಕಾಲ ಮಾತ್ರ ನಮ್ಮ ಜೇಬಿನಲ್ಲಿತ್ತು.

"ಇನ್ನೊಂದು ಆಗದೆ" ಎಂದರು ತಾಯಿ, ಈಗ ಸ್ವಲ್ಪ ನಗುತ್ತಾ. "ನಿಮ್ಮ ಡಬ್ಬ ಹೊಂಟೋಯ್ತು."

ವಿಷಯ ಹೀಗಿತ್ತು. ನಮ್ಮ ಸೀಮೆಯ ಒಬ್ಬ ಕನ್ಯಾಸ್ತ್ರೀಯವರು ಡಿಸೆಂಬರ್ ಮಧ್ಯದಲ್ಲಿ ರೋಮ್‌ಗೆ ಹೊರಟಿದ್ದರು. ತಾಯಿ ಈ ಸಲ ಮೊದಲೇ ಕಜ್ಜಾಯ ಮಾಡಿ, ತಗಡಿನ ಡಬ್ಬಕ್ಕೆ ಹಾಕಿ, ಬಟ್ಟೆ ಹೊಲಿದು ಅವರ ಕೈಗೆ ಕೊಟ್ಟಿದ್ದರು. ಹಬ್ಬದ ದಿನವೇ ತಲುಪಿಸಿ, ಹೇಳಬೇಡಿ, ಸ್ವಾಮಿಗೆ ಆಶ್ಚರ್ಯವಾಗಲಿ ಎಂದಿದ್ದರಂತೆ! ಹೇಳದೆ ಮಾಡುವ ಗುಣ ನಮಗೆ ಎಲ್ಲಿಂದ ಬಂತೆಂದು ಆಗ ತಿಳಿಯಿತು. 25ರಂದು ಆ ಸಿಸ್ಟರು ಚಳಿಯಲ್ಲಿ ಡಬ್ಬ ಹೊತ್ತು ನಮ್ಮ ವಸತಿಗೃಹಕ್ಕೆ ಹೋಗಿದ್ದರು. ಫಾದರ್ ಇಂಡಿಯಾಕ್ಕೆ ಹೋಗಿದ್ದಾರೆ ಎಂದು ಬಾಗಿಲು ಕಾಯುವ ಮುದುಕ ಹೇಳಿದ್ದ.

ಜನವರಿ 6ರ ಮಧ್ಯಾಹ್ನ ನಾವು ಮತ್ತೆ ರೋಮ್‌ನಲ್ಲಿದ್ದೆವು. ಆ ದಿನ ಮೂರು ಜ್ಞಾನಿಗಳ ಹಬ್ಬ. ಮುದುಕ ಮೇಜಿನ ಕೆಳಗಿನಿಂದ ಡಬ್ಬ ತೆಗೆದುಕೊಟ್ಟ. ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ಒಳಗೆ ಏನಿದೆಯೆಂದು ಗೊತ್ತಿಲ್ಲದಿದ್ದರೂ. ಹೊಲಿಗೆ ಬಿಚ್ಚಿ ಮುಚ್ಚಳ ತೆಗೆದಾಗ ಬೆಲ್ಲ, ಎಳ್ಳು, ಸೌದೆ ಒಲೆಯ ಹೊಗೆಯ ವಾಸನೆ ಬಂತು. ಅವನಿಗೊಂದು ಕೊಟ್ಟೆವು. ಕಚ್ಚಲು ಕಷ್ಟಪಟ್ಟ, ಹಲ್ಲು ಕಡಿಮೆ. ಕಾಫಿಯಲ್ಲಿ ಅದ್ದಿ ತಿನ್ನು ಎಂದೆವು.

ಸಂಜೆ ಮೊಬೈಲಿನಲ್ಲಿ ತಾಯಿಯ ಮುಖ ಬಂತು.

"ಡಬ್ಬ ಸಿಕ್ತಾ ಸ್ವಾಮಿ?"

"ಸಿಕ್ತಮ್ಮ."

"ಮೆತ್ತಗದಾ?"

"ಇಲ್ಲ, ಕಲ್ಲು."

"ಜನವರಿಲಿ ಯಾವಾಗ್ಲೂ ಹಂಗೇ ಅಲ್ವಾ" ಎಂದರು. ಸ್ವಲ್ಪ ತಡೆದು, "ಬರೋ ವರ್ಸ ಬರೋದಾದ್ರೆ ಈಗ್ಲೇ ಹೇಳ್ಬಿಡಿ" ಎಂದರು.